ಸೇತುವೆಯ ಹಿಂದಿನ ಬೆಟ್ಟ

ದೇಶವೊಂದು ತನ್ನ ರಾಜಲಾಂಛನವನ್ನು ತಿದ್ದಿಕೊಳ್ಳುವುದು ದಿನನಿತ್ಯದ ಸಂಗತಿಯಲ್ಲ. ವೆಸ್ಟ್ ಇಂಡೀಸ್ ದ್ವೀಪಗಳ ಸಾಲಿನ ದಕ್ಷಿಣದ ತುದಿಯಲ್ಲಿ, ವೆನೆಜುಯೆಲಾದ ಕರಾವಳಿಗೆ ಒರಗಿಕೊಂಡಂತಿರುವ ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಪುಟ್ಟ ರಾಷ್ಟ್ರ ಈಚೆಗೆ ಆ ಕೆಲಸ ಮಾಡಿತು. 1962ರಲ್ಲಿ ಸ್ವಾತಂತ್ರ್ಯ ಬಂದಾಗ ರಚಿತವಾದ ಲಾಂಛನದ ಗುರಾಣಿಯಲ್ಲಿ ಕೊಲಂಬಸನ ಮೂರು ಹಡಗುಗಳಿದ್ದವು. 1498ರಲ್ಲಿ ಆತ ಈ ದ್ವೀಪವನ್ನು ಕಂಡದ್ದರ ನೆನಪು ಅದು. (ಆ ಮೂರರಲ್ಲಿ ಹಿರಿಯದಾದ ಸಾಂತಾ ಮರಿಯಾ 1492ರಲ್ಲೇ ಬೇರೊಂದು ದ್ವೀಪದ ಬಳಿ ನೆಲ ತಾಗಿ ಒಡೆದುಹೋಗಿತ್ತೆಂಬುದನ್ನು ಲಾಂಛನ ಬರೆದವರು ಅಷ್ಟಾಗಿ ಮನಸ್ಸಿಗೆ ತಂದುಕೊಂಡಿರಲಾರರು.) 2024ರ ಆಗಸ್ಟ್ ತಿಂಗಳಲ್ಲಿ ಆಗಿನ ಪ್ರಧಾನಿ ಕೀತ್ ರೌಲಿಯವರು ಈ ಹಡಗುಗಳನ್ನು ತೆಗೆದುಹಾಕುವುದಾಗಿ ಸಾರಿದರು, 2025ರ ಆರಂಭದಲ್ಲಿ ಪಾರ್ಲಿಮೆಂಟು ಅದಕ್ಕೆ ಒಪ್ಪಿಗೆಯಿತ್ತಿತು. ಅವುಗಳ ಸ್ಥಾನದಲ್ಲಿ ಬಂದು ಕುಳಿತದ್ದು ಎಣ್ಣೆಯ ಪೀಪಾಯಿಯನ್ನು ಕತ್ತರಿಸಿ, ಬಡಿದು ಮಾಡಿದ ಒಂದು ವಾದ್ಯ. ಅದರ ಹೆಸರು ಸ್ಟೀಲ್ ಪ್ಯಾನ್. ಅಲ್ಲಿಯ ಜನರ ಬಾಯಲ್ಲಿ ಬರಿಯ ಪ್ಯಾನ್.

ಈ ವಾದ್ಯ ಹುಟ್ಟಿ ಬೆಳೆದ ಕೇರಿಗಳಲ್ಲೆಲ್ಲ ಹೆಚ್ಚು ಹೆಸರಾದುದು ಲಾವೆಂಟಿಲ್. ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನ್ ನಗರದ ಪೂರ್ವದಲ್ಲಿ, ಮನೆಯ ಮೇಲೆ ಮನೆ ಪೇರಿಸಿಟ್ಟಂತೆ ಕಾಣುವ ಬೆಟ್ಟ. ಆ ಬೆಟ್ಟದ ತರುಣರು ನೌಕರಿಗೆ ಅರ್ಜಿ ಹಾಕುವಾಗ ತಮ್ಮ ನಿಜವಾದ ವಿಳಾಸವನ್ನು ಬರೆಯಲು ಅಂಜುತ್ತಾರೆ. ಊರಿನ ಬೇರೊಂದು ಕಡೆ ಇರುವ ಬಂಧುವಿನದೋ ಸ್ನೇಹಿತನದೋ ಮನೆಯ ವಿಳಾಸವನ್ನು ಬರೆದು ಕಳಿಸುವುದು ಅಲ್ಲಿ ಹಳೆಯ ರೂಢಿ. ಲಾವೆಂಟಿಲ್ ಎಂಬ ಹೆಸರು ಕಣ್ಣಿಗೆ ಬಿದ್ದೊಡನೆ ಅರ್ಜಿ ಕಸದ ಬುಟ್ಟಿ ಸೇರುವುದೆಂಬ ಭಯ. ಮಗಳು ರಾಜಸಭೆಯಲ್ಲಿ ಪಟ್ಟಕ್ಕೆ ಕುಳಿತಿದ್ದಾಳೆ. ತವರುಮನೆಯ ಹೆಸರನ್ನು ಮಾತ್ರ ಸಭೆಯಲ್ಲಿ ಎತ್ತುವಂತಿಲ್ಲ.

ಪೋರ್ಟ್ ಆಫ್ ಸ್ಪೇನ್ ಎಂಬುದು ಕನ್ನಡಿಗರಿಗೆ ಕೇಳರಿಯದ ಹೆಸರಲ್ಲ. 1976ರ ಏಪ್ರಿಲ್‌ನಲ್ಲಿ ಭಾರತದ ಕ್ರಿಕೆಟ್ ತಂಡ ನಾಲ್ಕನೆಯ ಇನ್ನಿಂಗ್ಸಿನಲ್ಲಿ 403 ಓಟಗಳ ಗುರಿಯನ್ನು ಮುಟ್ಟಿ ವೆಸ್ಟ್ ಇಂಡೀಸನ್ನು ಸೋಲಿಸಿದ್ದು ಅಲ್ಲಿಯ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ. ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅಂದು 112 ಓಟ ಹೊಡೆದರು. ಬ್ರಿಜೇಶ್ ಪಟೇಲರು 49 ಓಟ ಮಾಡಿ ಔಟಾಗದೆ ಉಳಿದರು. ಆ ಮೈದಾನವಿರುವುದು ನಗರದ ಪಶ್ಚಿಮದ ಕಡೆ, ಟ್ರಾಗರೀಟ್ ರಸ್ತೆಯಲ್ಲಿ. ಅಲ್ಲಿಂದ ಪೂರ್ವಕ್ಕೆ ಹೊರಟು, ಅಂಗಡಿಗಳ ಬೀದಿಗಳನ್ನೂ ಕಚೇರಿಗಳನ್ನೂ ಹಾದುಹೋದರೆ ಕಲ್ಲು ಕಾಂಕ್ರೀಟಿನ ದಂಡೆ ಕಟ್ಟಿದ ಒಂದು ಹೊಳೆ ಅಡ್ಡ ಬರುತ್ತದೆ. ವರ್ಷದ ಬಹುಕಾಲ ಅದರಲ್ಲಿ ನೀರು ತೀರ ಕಡಿಮೆ. ಆದುದರಿಂದಲೇ ಜನ ಅದನ್ನು ಕರೆಯುವುದು ‘ಈಸ್ಟ್ ಡ್ರೈ ರಿವರ್’, ಪೂರ್ವದ ಒಣಹೊಳೆ, ಎಂದು.

ಈ ಹೊಳೆ ತಾನಾಗಿ ಅಲ್ಲಿ ಹರಿದದ್ದಲ್ಲ. ಮೊದಲು ಅದು ಊರ ನಡುವೆ ಹರಿಯುತ್ತಿತ್ತು. 1787ರಲ್ಲಿ ಸ್ಪೇನಿನ ಗವರ್ನರ್ ಚಕೋನ್ ಎಂಬಾತ ಪೇಟೆಗೆ ಜಾಗ ಬಿಡಿಸುವುದಕ್ಕಾಗಿ ಅದನ್ನು ತಿರುಗಿಸಿ, ಲಾವೆಂಟಿಲ್ ಬೆಟ್ಟದ ಬುಡಕ್ಕೆ ತಂದು ಬಿಟ್ಟ. ಕಾಲ ಕಳೆದಂತೆ ಆ ಕಾಲುವೆಯೇ ನಾಡಗಡಿಯಾಯಿತು. ಈಚೆಯವರು ಮರ್ಯಾದಸ್ಥರು, ಆಚೆಯವರು ‘ಸೇತುವೆಯ ಹಿಂದಿನವರು’. ಈ ಮಾತು ಟ್ರಿನಿಡಾಡಿನಲ್ಲಿ ಇಂದಿಗೂ ನಡೆಯುವ ನಾಣ್ಯ. ಯಾರನ್ನಾದರೂ ಸೇತುವೆಯ ಹಿಂದಿನವನೆಂದರೆ ಆಯಿತು, ಅವನ ಕುಲ, ಕಸುಬು, ನಡತೆ ಎಲ್ಲವನ್ನೂ ಹೇಳಿ ಮುಗಿಸಿದಂತೆ.

1834ರಲ್ಲಿ ಬ್ರಿಟಿಷರು ಗುಲಾಮಗಿರಿಯನ್ನು ರದ್ದುಮಾಡಿದರು. ಅದರ ಬಾಲದಂತೆ ಉಳಿದಿದ್ದ ಕಡ್ಡಾಯ ದುಡಿಮೆ 1838ರಲ್ಲಿ ಮುಗಿಯಿತು. ಕಬ್ಬಿನ ತೋಟಗಳನ್ನು ತೊರೆದು ಪೇಟೆಗೆ ಬಂದ ಆಫ್ರಿಕಾ ಮೂಲದ ಜನಕ್ಕೆ ಬೆಲೆಬಾಳುವ ಸಮನೆಲ ಎಲ್ಲಿಂದ ಸಿಕ್ಕೀತು? ಅವರು ಯಾರಿಗೂ ಬೇಡವಾದ ಇಳಿಜಾರನ್ನು ಹತ್ತಿದರು. ಗ್ರೆನಡಾ, ಸೇಂಟ್ ವಿನ್ಸೆಂಟ್ ಮೊದಲಾದ ಸಣ್ಣ ದ್ವೀಪಗಳಿಂದ ಕೆಲಸ ಹುಡುಕಿ ಬಂದವರೂ ಅವರ ಜೊತೆ ಸೇರಿದರು. ಕೆಳಗಿನ ಪೇಟೆಯಲ್ಲಿ ಉದ್ದನೆಯ ಚಾವಣಿಯೊಂದರ ಕೆಳಗೆ ಸಾಲಾಗಿ ಒಂದೊಂದೇ ಕೋಣೆಯ ಮನೆಗಳು, ಎಲ್ಲಕ್ಕೂ ಸೇರಿ ಒಂದು ಅಂಗಳ, ಒಂದು ಕೊಳಾಯಿ. ‘ಬ್ಯಾರಕ್ ಯಾರ್ಡ್’ ಎಂದು ಅದರ ಹೆಸರು. ವಠಾರದ ಬಾಳನ್ನು ಕಂಡವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಜಗಳವೂ ಅಂಗಳದಲ್ಲೇ, ಬಾಣಂತಿಯ ಆರೈಕೆಯೂ ಅಂಗಳದಲ್ಲೇ, ಹಾಡೂ ಅಲ್ಲೇ.

ಹಾಡಿನ ಜೊತೆಗೆ ನಗಾರಿಯೂ ಇತ್ತು. ಕ್ರೈಸ್ತರ ಉಪವಾಸಕಾಲಕ್ಕೆ ಮುಂಚೆ, ಬೂದಿ ಬುಧವಾರದ ಹಿಂದಿನ ಸೋಮವಾರ ಮಂಗಳವಾರಗಳಂದು ಅಲ್ಲಿ ಕಾರ್ನಿವಲ್ ಎಂಬ ಮಹೋತ್ಸವ ನಡೆಯುತ್ತದೆ. ಗುಲಾಮಗಿರಿ ಹೋದ ಮೇಲೆ ಕರಿಯ ಜನ ಅದನ್ನು ತಮ್ಮದಾಗಿ ಮಾಡಿಕೊಂಡು, ಪಂಜು ಹಿಡಿದು, ಕೋಲು ತಿರುಗಿಸುತ್ತ, ನಗಾರಿ ಬಾರಿಸುತ್ತ ಬೀದಿಗಿಳಿದರು. ಸರ್ಕಾರಕ್ಕೆ ಇದು ಸರಿತೋರಲಿಲ್ಲ. 1881ರಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಹೊಡೆದಾಟವೇ ಆಯಿತು. 1884ರ ಕಾಯಿದೆ ಬೀದಿಯಲ್ಲಿ ನಗಾರಿ ಬಾರಿಸುವುದನ್ನು ಕಟ್ಟಿಹಾಕಿತು. ಸರಿ, ಚರ್ಮ ತಾನೆ ಬೇಡವೆಂದದ್ದು? ಜನ ಬಿದಿರಿನ ಮೊರೆಹೊಕ್ಕರು. ದಪ್ಪ ಗಳುವನ್ನು ನೆಲಕ್ಕೆ ಕುಟ್ಟಿದರೆ ಗಂಭೀರವಾದ ನಾದ, ಸಣ್ಣ ಕೊಳವೆಗಳನ್ನು ಒಂದಕ್ಕೊಂದು ತಾಕಿಸಿದರೆ ಚುರುಕು ನಾದ. ‘ಟಾಂಬೂ ಬ್ಯಾಂಬೂ’ ಎಂಬ ಆ ಮೇಳ ಸುಮಾರು ಅರ್ಧ ಶತಮಾನ ಮೆರೆಯಿತು. 1930ರ ದಶಕದ ಕೊನೆಗೆ ಬಿದಿರಿನ ಜಾಗಕ್ಕೆ ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿ, ಕಸದ ಬುಟ್ಟಿಯ ಮುಚ್ಚಳ ಬಂದವು. ಮರ್ಯಾದಸ್ಥರ ಕಿವಿಗೆ ಅದು ಬರಿಯ ತಗಡಿನ ಗದ್ದಲ.

ಆ ಗದ್ದಲದಿಂದ ಸ್ವರ ಹೊರಟದ್ದು ಹೇಗೆ? ಲಾವೆಂಟಿಲ್ಲಿನ ಜಾನ್ ಜಾನ್ ಎಂಬ ಕೇರಿಯ ವಿನ್‌ಸ್ಟನ್ ಸೈಮನ್, ಎಲ್ಲರ ಬಾಯಲ್ಲೂ ‘ಸ್ಪ್ರೀ’, ಒಂದು ಕಥೆ ಹೇಳುತ್ತಿದ್ದ. ಅವನು ತನ್ನ ಡಬ್ಬಿಯನ್ನು ಸ್ನೇಹಿತನಿಗೆ ಬಾರಿಸಲು ಕೊಟ್ಟನಂತೆ. ಆತ ಹಿಂದುಮುಂದು ನೋಡದೆ ಬಡಿದು ಅದರ ಮುಖವನ್ನೆಲ್ಲ ತಗ್ಗುಮಾಡಿ ಹಿಂದಿರುಗಿಸಿದ. ಹುಡುಗ ಒಳಗಿನಿಂದ ಬಡಿದು ಬಡಿದು ತಗ್ಗನ್ನು ಸರಿಮಾಡುತ್ತಿದ್ದಾಗ, ಒಂದೊಂದು ಕಡೆ ಬಡಿದರೆ ಒಂದೊಂದು ಸ್ವರ ಕೇಳಿಬಂದಿತು. ಇದು ನಿಜವೋ ಕಟ್ಟುಕಥೆಯೋ, ಮೊದಲಿಗ ಸ್ಪ್ರೀಯೋ ಮತ್ತೊಬ್ಬನೋ ಎಂಬ ವಾದ ಟ್ರಿನಿಡಾಡಿನ ಹೆಂಡದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಎಲ್ಲ ಕೀರ್ತಿಯನ್ನೂ ಒಂದೇ ಬೆಟ್ಟಕ್ಕೆ ಕಟ್ಟುವುದು ನ್ಯಾಯವೂ ಅಲ್ಲ. ಉಬ್ಬಿದ್ದ ಮುಖವನ್ನು ಬಟ್ಟಲಿನಂತೆ ಒಳಕ್ಕೆ ತಗ್ಗಿಸಿ ಹೆಚ್ಚು ಸ್ವರಗಳಿಗೆ ಎಡೆಮಾಡಿಕೊಟ್ಟವರು ಪಶ್ಚಿಮದ ವುಡ್‌ಬ್ರೂಕಿನ ಎಲಿ ಮ್ಯಾನೆಟ್. ಸ್ವರಗಳನ್ನು ಜೇಡರ ಬಲೆಯ ಕ್ರಮದಲ್ಲಿ ಜೋಡಿಸಿದವರು ಸೇಂಟ್ ಜೇಮ್ಸಿನ ಆಂಟನಿ ವಿಲಿಯಮ್ಸ್. ಇವರಾರೂ ಸಂಗೀತಶಾಲೆಯಲ್ಲಿ ಕಲಿತು ಬಂದವರಲ್ಲ.

ಟ್ರಿನಿಡಾಡಿನಲ್ಲಿ ಎಣ್ಣೆ ಬಾವಿಗಳಿವೆ, ಪೀಪಾಯಿಗಳಿಗೆ ಬರವಿಲ್ಲ. 55 ಗ್ಯಾಲನ್ ಹಿಡಿಯುವ ಪೀಪಾಯಿಯ ತಳವನ್ನು ಭಾರವಾದ ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದು ಬಟ್ಟಲಿನ ಆಕಾರಕ್ಕೆ ತರುತ್ತಾರೆ. ತಗಡು ಹರಿಯಬಾರದು, ಹರಿದರೆ ಇಡೀ ದಿನದ ಬೆವರು ಹಾಳು. ಬಳಿಕ ಒಂದೊಂದು ಸ್ವರಕ್ಕೂ ಮನೆ ಗುರುತಿಸಿ, ಉಳಿಯಿಂದ ಗೆರೆ ಕೊರೆದು, ಪೀಪಾಯಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸುತ್ತಾರೆ. ಮೇಲುಸ್ಥಾಯಿಯ ಪ್ಯಾನಿಗೆ ಗೇಣುದ್ದದ ಅಂಚು ಸಾಕು, ಮಂದ್ರಕ್ಕೆ ಪೂರ್ತಿ ಪೀಪಾಯಿಯೇ ಬೇಕು. ಆಮೇಲೆ ಬೆಂಕಿಯಲ್ಲಿ ಕಾಯಿಸಿ ತಣಿಸುತ್ತಾರೆ. ಕೊನೆಗೆ ಶ್ರುತಿ ಮಾಡುವವನು ಸಣ್ಣ ಸುತ್ತಿಗೆ ಹಿಡಿದು ಕುಳಿತುಕೊಳ್ಳುತ್ತಾನೆ. ಒಂದು ಸ್ವರವನ್ನು ಸರಿಪಡಿಸಿದರೆ ಪಕ್ಕದ ಸ್ವರ ಕೆಡುತ್ತದೆ. ಅದನ್ನು ಸರಿಪಡಿಸಿದರೆ ಮೊದಲಿನದು ಮತ್ತೆ ಜಾರುತ್ತದೆ. ಅವನ ಸಹನೆಯನ್ನು ಕಂಡವರು ಈ ಜನ ಸೋಮಾರಿಗಳೆಂದು ಮತ್ತೊಮ್ಮೆ ಹೇಳಲಾರರು. ಬಾರಿಸುವ ಕಡ್ಡಿಗಳ ತುದಿಗೆ ರಬ್ಬರು ಸುತ್ತಿರುತ್ತದೆ.

ಮಹಾಯುದ್ಧದ ನಿಮಿತ್ತ 1942ರಿಂದ 1945ರವರೆಗೆ ಬೀದಿಯ ಕಾರ್ನಿವಲ್ ನಿಂತಿತ್ತು. ಅಂಗಳಗಳಲ್ಲಿ ಸುತ್ತಿಗೆಯ ಸದ್ದು ಮಾತ್ರ ನಿಂತಿರಲಿಲ್ಲ. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದ ಸುದ್ದಿ ಬಂದಾಗ ಈ ಹೊಸ ವಾದ್ಯಗಳು ಬೀದಿ ತುಂಬಿ ಹರಿದವು. ತಂಡಗಳ ಹೆಸರುಗಳೂ ಯುದ್ಧದ ಸುದ್ದಿ ಮತ್ತು ಸಿನಿಮಾಗಳಿಂದ ಎತ್ತಿಕೊಂಡವು: ಇನ್‌ವೇಡರ್ಸ್, ಟೋಕಿಯೋ, ಕಾಸಾಬ್ಲಾಂಕಾ, ಡೆಸ್ಪೆರಾಡೋಸ್. ಹೆಸರಿಗೆ ತಕ್ಕಂತೆ ನಡತೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಒಂದು ಕೇರಿಯ ತಂಡ ಮತ್ತೊಂದು ಕೇರಿಯ ತಂಡಕ್ಕೆ ಎದುರಾದರೆ ಕಲ್ಲು, ಬಾಟಲಿ, ಕತ್ತಿಗಳು ಹೊರಬರುತ್ತಿದ್ದವು. 1950ರ ಕಾರ್ನಿವಲ್‌ನಲ್ಲಿ ಇನ್‌ವೇಡರ್ಸ್ ಮತ್ತು ಟೋಕಿಯೋ ತಂಡಗಳ ನಡುವೆ ನಡೆದ ಕಾಳಗದ ಮೇಲೆ ಹಾಡೇ ಹುಟ್ಟಿತು. ಮಗ ಪ್ಯಾನ್ ಮುಟ್ಟಿದನೆಂದರೆ ತಾಯಂದಿರು ಬೆತ್ತ ಹಿಡಿಯುತ್ತಿದ್ದರು. ಹೆಣ್ಣುಮಕ್ಕಳ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಆದರೂ 1950ರ ದಶಕದ ಆರಂಭದಲ್ಲೇ ಹೇಜಲ್ ಹೆನ್ಲಿ ಎಂಬ ಯುವತಿ ಮಧ್ಯಮವರ್ಗದ ಹುಡುಗಿಯರನ್ನೇ ಕೂಡಿಸಿಕೊಂಡು ‘ಗರ್ಲ್ ಪ್ಯಾಟ್’ ಎಂಬ ತಂಡ ಕಟ್ಟಿದಳು. ಅವಳ ಧೈರ್ಯವನ್ನು ಮೆಚ್ಚಬೇಕು.

1951ರಲ್ಲಿ ಒಂದು ತಿರುವು ಬಂದಿತು. ಲಂಡನ್ನಿನಲ್ಲಿ ‘ಬ್ರಿಟನ್ ಉತ್ಸವ’ ನಡೆಯಲಿತ್ತು. ಅಲ್ಲಿಗೆ ಕಳುಹಿಸಲು, ಒಬ್ಬರ ಮುಖ ಇನ್ನೊಬ್ಬರು ನೋಡದಿದ್ದ ತಂಡಗಳಿಂದಲೇ ಆಟಗಾರರನ್ನು ಆರಿಸಿ ‘ಟಾಸ್ಪೋ’ ಎಂಬ ಮೇಳ ಕಟ್ಟಿದರು. ಜೋಸೆಫ್ ಗ್ರಿಫಿತ್ ಎಂಬ ಪೊಲೀಸ್ ಬ್ಯಾಂಡಿನ ಮುಖ್ಯಸ್ಥರು ಅವರಿಗೆ ಗುರು. ಜಾನ್ ಜಾನ್ ಕೇರಿಯ ಸ್ಪ್ರೀ, ವುಡ್‌ಬ್ರೂಕಿನ ಮ್ಯಾನೆಟ್, ಸೇಂಟ್ ಜೇಮ್ಸಿನ ವಿಲಿಯಮ್ಸ್ ಪಕ್ಕಪಕ್ಕದಲ್ಲಿ ನಿಂತು ಬಾರಿಸಿದರು. ಪೊಲೀಸರಿಂದ ಓಡಿ ಓಡಿ ಬಾರಿಸುತ್ತಿದ್ದವರಿಗೆ ಪೊಲೀಸ್ ಬ್ಯಾಂಡಿನವರೇ ಪಾಠ ಹೇಳಿದ್ದು ವಿಧಿಯ ವಿನೋದ. ಲಂಡನ್ ಚಪ್ಪಾಳೆ ತಟ್ಟಿದ ಮೇಲೆ ಪೋರ್ಟ್ ಆಫ್ ಸ್ಪೇನಿನ ದೊಡ್ಡವರೂ ಚಪ್ಪಾಳೆ ತಟ್ಟಿದರು. ಪರದೇಶದ ಮುದ್ರೆ ಬಿದ್ದ ಮೇಲೆ ಮನೆಯ ಚಿನ್ನಕ್ಕೆ ಬೆಲೆ ಬರುವ ಈ ರೋಗ ಟ್ರಿನಿಡಾಡಿಗೆ ಮಾತ್ರ ಸೇರಿದ್ದಲ್ಲ.

ಅದೇ 1951ರ ಮಾರ್ಚ್ 30ರಂದು ಇನ್ನೊಂದು ಕಾಯಿದೆಯೂ ಬಿದ್ದುಹೋಯಿತು. ಬಡವರ ನಡುವೆ ಬೆಳೆದ ‘ಶೌಟರ್ ಬ್ಯಾಪ್ಟಿಸ್ಟ್’ ಪಂಥದವರು ಗಂಟೆ ಬಾರಿಸಿ, ಗಟ್ಟಿಯಾಗಿ ಹಾಡಿ ಪ್ರಾರ್ಥಿಸುತ್ತಾರೆಂದು 1917ರಿಂದ ಅವರ ಪೂಜೆಗೆ ನಿಷೇಧವಿತ್ತು. ಅದು ರದ್ದಾದ ದಿನ 1996ರಿಂದ ದೇಶಕ್ಕೆಲ್ಲ ರಜಾದಿನ. ಬಡವರ ಸದ್ದಿಗೆ ಅಲ್ಲಿ ಮೊದಲು ಬಂದದ್ದು ಕಾಯಿದೆ, ಆಮೇಲೆ ಬಂದದ್ದು ರಜೆ.

ಲಾವೆಂಟಿಲ್ ಬೆಟ್ಟದ ಸ್ವಂತ ತಂಡವೆಂದರೆ ಡೆಸ್ಪೆರಾಡೋಸ್. ಅದರ ನಾಯಕ ರುಡಾಲ್ಫ್ ಚಾರ್ಲ್ಸ್ ಬೆಟ್ಟದವರಿಗೆ ಬರಿಯ ಮೇಳದ ಯಜಮಾನರಾಗಿರಲಿಲ್ಲ. ಜಗಳ ಬಿಡಿಸುವವರು ಅವರೇ, ಹುಡುಗರನ್ನು ಗದರಿಸಿ ದಾರಿಗೆ ತರುವವರು ಅವರೇ, ಸುತ್ತಿಗೆ ಹಿಡಿದು ಹೊಸ ಬಗೆಯ ಪ್ಯಾನ್‌ಗಳನ್ನು ಮಾಡುವವರೂ ಅವರೇ. ಜನ ಅವರನ್ನು ‘ಹ್ಯಾಮರ್’ ಎಂದೇ ಕರೆದರು. 1963ರಲ್ಲಿ ‘ಪನೋರಮ’ ಎಂಬ ರಾಷ್ಟ್ರೀಯ ಸ್ಪರ್ಧೆ ಆರಂಭವಾಗಿತ್ತು. 1966ರಲ್ಲಿ ಬೆಟ್ಟದ ತಂಡ ಅದನ್ನು ಮೊದಲ ಬಾರಿ ಗೆದ್ದಿತು. ತಂಡಗಳಿಗೆ ಕಂಪನಿಗಳು ಹಣ ಕೊಡತೊಡಗಿದ ಕಾಲ ಅದು. ಡೆಸ್ಪೆರಾಡೋಸ್ ಹೆಸರಿನ ಹಿಂದೆ ಒಂದು ತಂಬಾಕು ಕಂಪನಿಯ ಹೆಸರು ಸೇರಿಕೊಂಡಿತು. ಕಾದಾಟ ನಿಂತಿತು, ಸಮವಸ್ತ್ರ ಬಂದಿತು. ಹಳೆಯ ಪುಂಡರಿಗೆ ಮಾತ್ರ ಮಾಡಲು ಕೆಲಸವಿಲ್ಲದಂತಾಯಿತು. 1985ರಲ್ಲಿ ಚಾರ್ಲ್ಸ್ ತೀರಿಕೊಂಡಾಗ ಅವರ ಶವಪೆಟ್ಟಿಗೆಯನ್ನು ಪ್ಯಾನ್‌ಗಳಿಂದಲೇ ಮಾಡಿದ್ದರು.

ಅರ್ಲ್ ಲವ್‌ಲೇಸ್ 1979ರಲ್ಲಿ ಪ್ರಕಟಿಸಿದ ‘ದಿ ಡ್ರಾಗನ್ ಕಾಂಟ್ ಡ್ಯಾನ್ಸ್’ ಕಾದಂಬರಿಯಲ್ಲಿ ಇಂಥದೇ ಒಂದು ಬೆಟ್ಟದ ಬಾಳು ಇದೆ. ಅದರ ನಾಯಕ ಆಲ್ಡ್ರಿಕ್ ವರ್ಷವೆಲ್ಲ ಕುಳಿತು ಕಾರ್ನಿವಲ್‌ನ ಎರಡು ದಿನಗಳಿಗಾಗಿ ಒಂದು ಮಹಾಸರ್ಪದ ವೇಷವನ್ನು ಹೊಲಿಯುತ್ತಾನೆ. ಆದರೆ ಭಾರತದ ಓದುಗನ ಮನಸ್ಸನ್ನು ಹಿಡಿದು ನಿಲ್ಲಿಸುವವನು ಪರಿಯಾಗ್. ಹಳ್ಳಿಯಿಂದ ಹೆಂಡತಿಯೊಡನೆ ಬಂದು ಆ ಕರಿಯರ ವಠಾರದಲ್ಲಿ ಮನೆಮಾಡಿದ ಭಾರತೀಯ ವಂಶದ ತರುಣ ಅವನು. ಅವನಿಗೆ ಬೇಕಾದುದು ಇಷ್ಟೇ: ಈ ಜನ ತನ್ನನ್ನು ಕಣ್ಣೆತ್ತಿ ನೋಡಬೇಕು, ತಮ್ಮವನೆನ್ನಬೇಕು. ಕಷ್ಟಪಟ್ಟು ಒಂದು ಹೊಸ ಸೈಕಲ್ ಕೊಳ್ಳುತ್ತಾನೆ. ಎಲ್ಲರೂ ಬಡವರಾಗಿರುವುದೇ ಆ ಅಂಗಳದ ಅಲಿಖಿತ ನಿಯಮ. ಸೈಕಲ್ ಎಲ್ಲರ ಕಣ್ಣು ಕುಕ್ಕುತ್ತದೆ. ಯಾರೋ ಅದನ್ನು ಮುರಿದುಹಾಕುತ್ತಾರೆ. ಮುರಿದ ಸೈಕಲನ್ನು ತೆಗೆದುಕೊಂಡು ಅವನು ಬೀದಿಯಲ್ಲಿ ನಡೆದುಹೋಗುವಾಗ ವಠಾರ ಅವನನ್ನು ಮೊದಲ ಬಾರಿ ನೋಡುತ್ತದೆ. ಮೇಲಿನವರಿಂದ ಅವಮಾನ ಉಂಡ ಜನ ಪಕ್ಕದವನಿಗೆ ಅದನ್ನೇ ಬಡಿಸಿದರೆಂಬುದನ್ನು ಆ ಬೆಟ್ಟದ ಪಕ್ಷಪಾತಿಯಾದ ಲೇಖಕನೇ ಮುಚ್ಚದೆ ಬರೆದಿರುವುದು ದೊಡ್ಡ ಮಾತು.

ಭಾರತದಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿದ್ದು 1845ರ ಮೇ 30ರಂದು. ಗುಲಾಮರು ಬಿಟ್ಟುಹೋದ ಕಬ್ಬಿನ ತೋಟಗಳಿಗೆ ಅವರನ್ನು ತಂದರು. ಹೀಗೆ ಒಬ್ಬರು ಪೇಟೆಯ ಬೆಟ್ಟದಲ್ಲಿ, ಮತ್ತೊಬ್ಬರು ಹಳ್ಳಿಯ ಬಯಲಲ್ಲಿ ಬೇರೂರಿ, ಒಬ್ಬರನ್ನೊಬ್ಬರು ಸಂಶಯದಿಂದಲೇ ನೋಡುತ್ತ ಬಂದರು. 1992ರಲ್ಲಿ ಪ್ಯಾನನ್ನು ರಾಷ್ಟ್ರವಾದ್ಯವೆಂದು ಸಾರಿದಾಗ ಕೆಲವು ಹಿಂದೂ ಮುಖಂಡರು ಆಕ್ಷೇಪವೆತ್ತಿದರು: ಒಂದು ಜನದ ವಾದ್ಯ ಎಲ್ಲರ ವಾದ್ಯವಾಗುವುದು ಹೇಗೆ? ಹಾರ್ಮೋನಿಯಂ ಏನು ತಪ್ಪು ಮಾಡಿತು? ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ಹೊತ್ತಿಗೆ ಒಬ್ಬ ಮನುಷ್ಯ ತನ್ನ ಕೆಲಸದಿಂದಲೇ ಅದಕ್ಕೆ ಅರ್ಧ ಉತ್ತರ ಕೊಟ್ಟಾಗಿತ್ತು.

ಅವರು ಜಿತ್ ಸಮರೂ. 1950ರಲ್ಲಿ ಲೋಪಿನೋ ಕಣಿವೆಯ ಸರ್ರೆ ಎಂಬ ಹಳ್ಳಿಯಲ್ಲಿ, ಭಾರತೀಯ ವಂಶದ ಬಡ ಕುಟುಂಬದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಪ್ಯಾನ್ ಹಿಡಿದು, ತಮ್ಮ ತಂಗಿಯರನ್ನು ಕೂಡಿಸಿಕೊಂಡು ಮನೆಯ ಮೇಳವನ್ನೇ ಕಟ್ಟಿದರು. 1971ರಿಂದ ಅವರು ಸಂಗೀತ ಸಂಯೋಜಿಸತೊಡಗಿದ್ದು ರೆನೆಗೇಡ್ಸ್ ತಂಡಕ್ಕೆ. ಪೂರ್ವ ಪೋರ್ಟ್ ಆಫ್ ಸ್ಪೇನಿನ ಚಾರ್ಲೊಟ್ ಬೀದಿಯ ಆ ತಂಡ ಒಂದು ಕಾಲಕ್ಕೆ ಹೊಡೆದಾಟಕ್ಕೇ ಹೆಸರಾಗಿತ್ತು. ಮಿತಭಾಷಿಯಾದ ಈ ಹಳ್ಳಿಯ ಮನುಷ್ಯ ಅಂಥ ಅಂಗಳದಲ್ಲಿ ನಿಂತು, ನೂರು ಜನಕ್ಕೆ ಸ್ವರ ಸ್ವರವಾಗಿ ಪಾಠ ಹೇಳಿದರು. ನೂರು ಜನವೂ ಕೇಳಿದರು. 1982ರಿಂದ 1997ರೊಳಗೆ ಆ ತಂಡ 9 ಸಲ ಪನೋರಮ ಗೆದ್ದಿತು. ಕೊನೆಯ ಮೂರು ಗೆಲುವುಗಳು ಒಂದರ ಹಿಂದೊಂದು. 2016ರಲ್ಲಿ ಸಮರೂ ನಿಧನರಾದರು. ಕಾದಂಬರಿಯ ಪರಿಯಾಗನಿಗೆ ದೊರೆಯದ್ದು ಇವರಿಗೆ ದೊರೆಯಿತು, ದೊರೆತದ್ದು ಪ್ಯಾನ್ ಅಂಗಳದಲ್ಲಿ.

ಈ ಪ್ಯಾನ್ ಅಂಗಳವೆಂಬುದನ್ನು ನೋಡದೆ ಬೆಟ್ಟದ ಜನರನ್ನು ಅಳೆಯಲಾಗದು. ಕ್ರಿಸ್‌ಮಸ್ ಮುಗಿದು ಜನವರಿ ಹುಟ್ಟಿತೆಂದರೆ ಕಾರ್ನಿವಲ್‌ವರೆಗೆ ರಾತ್ರಿ ರಾತ್ರಿಯೂ ಅಭ್ಯಾಸ. ದೊಡ್ಡ ತಂಡದಲ್ಲಿ ನೂರಕ್ಕೂ ಹೆಚ್ಚು ವಾದಕರು: ಶಾಲೆಯ ಹುಡುಗಿ, ಗುಮಾಸ್ತ, ದಾದಿ, ಕೆಲಸವಿಲ್ಲದ ತರುಣ. ಬಹುಮಂದಿಗೆ ಬರೆದ ಸ್ವರಲಿಪಿ ಓದಲು ಬಾರದು. ಸಂಯೋಜಕ ಒಂದು ತುಣುಕನ್ನು ಬಾರಿಸಿ ತೋರಿಸುತ್ತಾನೆ. ಕಲಿತವನು ಪಕ್ಕದವನಿಗೆ ಕಲಿಸುತ್ತಾನೆ. ಕೆಲವೇ ನಿಮಿಷಗಳ ಒಂದು ಕೃತಿಗಾಗಿ ವಾರಗಟ್ಟಲೆ ಹೀಗೆ ದುಡಿತ. ತಪ್ಪಿದವನನ್ನು ಇಡೀ ಸಾಲು ತಿರುಗಿ ನೋಡುತ್ತದೆ. ಅದಕ್ಕಿಂತ ಬೇರೆ ದಂಡನೆ ಬೇಕಿಲ್ಲ. ಬೇಲಿಯಾಚೆ ಮುದುಕರು ಕುರ್ಚಿ ಹಾಕಿಕೊಂಡು ವಿಮರ್ಶೆ ನಡೆಸುತ್ತಾರೆ, ಮಕ್ಕಳು ಅಲ್ಲೇ ನಿದ್ರೆ ಹೋಗುತ್ತಾರೆ. ನಗರದ ಬೀದಿಗಳಲ್ಲಿ ಮಾರುವ ತಿಂಡಿ ‘ಡಬಲ್ಸ್’: ಎರಡು ಮೆತ್ತನೆಯ ಬಡಾಗಳ ನಡುವೆ ಖಾರದ ಕಡಲೆ, ಕಬ್ಬಿನ ತೋಟದವರ ಅಡುಗೆಮನೆಯಿಂದ ಬಂದದ್ದು. ಅದನ್ನು ತಿನ್ನಲು ಮಾತ್ರ ಯಾರೂ ಕುಲ ಕೇಳಿಲ್ಲ.

ಇಷ್ಟೆಲ್ಲ ಇದ್ದೂ ಬೆಟ್ಟದ ಸ್ಥಿತಿ ಸುಧಾರಿಸಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಮಾದಕ ವಸ್ತು ಮತ್ತು ಬಂದೂಕುಗಳ ಸಾಗಾಟ ದ್ವೀಪಕ್ಕೆ ನುಗ್ಗಿದ ಮೇಲೆ ಹಳೆಯ ಕಲ್ಲು ಬಾಟಲಿಗಳ ಕಾಳಗ ಮಕ್ಕಳಾಟವೆನಿಸಿತು. ಪಕ್ಕಪಕ್ಕದ ಓಣಿಗಳು ಬೇರೆ ಬೇರೆ ಗುಂಪುಗಳ ಪಾಲಾದವು. 2024ರಲ್ಲಿ ಇಡೀ ದೇಶದ ಕೊಲೆಗಳ ಸಂಖ್ಯೆ 600ನ್ನು ಮೀರಿತು. ಸುಮಾರು 14 ಲಕ್ಷ ಜನರಿರುವ ದೇಶಕ್ಕೆ ಅದು ಭಯಂಕರ ಸಂಖ್ಯೆ. ಆ ವರ್ಷದ ಡಿಸೆಂಬರ್ 30ರಂದು ತುರ್ತುಪರಿಸ್ಥಿತಿಯನ್ನು ಸಾರುವುದಕ್ಕೆ ಒಂದು ಕಾರಣ ಹಿಂದಿನ ದಿನ ಲಾವೆಂಟಿಲ್ಲಿನಲ್ಲಿ ನಡೆದ ಐವರ ಕೊಲೆ. ಹಡಗುಗಳನ್ನು ಅಳಿಸಿ ಪ್ಯಾನನ್ನು ಬರೆಯುವ ಮಸೂದೆ ಪಾರ್ಲಿಮೆಂಟಿನ ಮುಂದೆ ಬಂದದ್ದು ಅದಾದ ಕೆಲವೇ ವಾರಗಳಲ್ಲಿ.

ಡೆಸ್ಪೆರಾಡೋಸ್ ತಂಡಕ್ಕೂ ಇದರ ಬಿಸಿ ತಟ್ಟದೆ ಇರಲಿಲ್ಲ. ಅಭ್ಯಾಸಕ್ಕೆ ಬರುವವರೂ ಕೇಳಲು ಬರುವವರೂ ರಾತ್ರಿ ಹೊತ್ತು ಬೆಟ್ಟ ಹತ್ತಲು ಹೆದರಿದರು. ಕೊನೆಗೆ, ಈ ಶತಮಾನದಲ್ಲಿ, ಬೆಟ್ಟದ ಹೆಮ್ಮೆಯಾದ ತಂಡವೇ ಬೆಟ್ಟವನ್ನು ಬಿಟ್ಟು ಇಳಿಯಬೇಕಾಯಿತು. ಪೇಟೆಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಪೀಪಾಯಿಗಳನ್ನು ಹೊತ್ತು ಅಲೆದು, ಕಡೆಗೆ ಅದು ನೆಲೆ ಕಂಡದ್ದು ಪಶ್ಚಿಮದ ಟ್ರಾಗರೀಟ್ ರಸ್ತೆಯಲ್ಲಿ, ವಿಶ್ವನಾಥರು ಶತಕ ಹೊಡೆದ ಮೈದಾನವಿರುವ ರಸ್ತೆಯಲ್ಲೇ. 2016ರಲ್ಲಿ ತಂಡ ಮತ್ತೆ ಪನೋರಮ ಗೆದ್ದಿತು, 2020ರಲ್ಲಿ ಇನ್ನೊಮ್ಮೆ. ಬೆಟ್ಟದಲ್ಲೇ ಉಳಿದ ವಾದಕರು ಅಭ್ಯಾಸದ ದಿನಗಳಲ್ಲಿ ಸಂಜೆಗೆ ಇಳಿದು, ಒಣಹೊಳೆಯ ಸೇತುವೆ ದಾಟಿ, ಊರಿನ ಇನ್ನೊಂದು ತುದಿಗೆ ಹೋಗಿ ತಮ್ಮ ಬೆಟ್ಟದ ವಾದ್ಯವನ್ನು ಬಾರಿಸಬೇಕು. ರಾತ್ರಿ ಅದನ್ನು ಅಲ್ಲೇ ಬಿಟ್ಟು ಸೇತುವೆಯ ಹಿಂದಕ್ಕೆ ಮರಳಬೇಕು.